ವಿಮಾನದ ದಾರಿಯನ್ನು ಗ್ಲೋಬಿನ ಮೇಲೆ ಅಳೆಯಿರಿ

ಆಕಾಶವಾಣಿಯ ಶ್ರೋತೃಗಳಿಗೆ ನಮಸ್ಕಾರ. ಶಿರಸಿ, ಕುಮಟಾ, ಕಾರವಾರದ ಕಡೆಯ ಎಷ್ಟೋ ಮನೆಗಳ ಮಕ್ಕಳು ಇಂದು ಅಮೆರಿಕದಲ್ಲಿದ್ದಾರೆ. ಅವರು ಊರಿಗೆ ಹೊರಟರೆಂದರೆ ಎಷ್ಟು ದೂರ, ಎಷ್ಟು ತಾಸು ಎಂಬ ಲೆಕ್ಕ ಮನೆಯಲ್ಲಿ ಶುರುವಾಗುತ್ತದೆ. ಬಹುಕಾಲ ಭೂಗೋಳ ಕಲಿಸಿದ ನಾನು ಹೇಳಬೇಕಾದದ್ದು ಒಂದೇ ಮಾತು: ಆ ಲೆಕ್ಕಕ್ಕೆ ಗೋಡೆಯ ನಕ್ಷೆ ಬೇಡ, ಗ್ಲೋಬ್ ಬೇಕು.

ಶಿರಸಿ ಹತ್ತಿರದ ಒಬ್ಬ ಹಿರಿಯ ತಾಯಿ ಒಂದು ದಿನ ಗಾಬರಿಯಿಂದ ಫೋನು ಮಾಡಿದರು. ಮಗ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದ; ಮೊಮ್ಮಗಳು ಮೊಬೈಲಿನಲ್ಲಿ ವಿಮಾನದ ಜಾಡು ತೋರಿಸಿದ್ದಳು. ‘ಮಾಸ್ತರೇ, ಅದು ಪೂರ್ವಕ್ಕೂ ಹೋಗ್ತಿಲ್ಲೆ, ಪಶ್ಚಿಮಕ್ಕೂ ಹೋಗ್ತಿಲ್ಲೆ, ಸೀದಾ ಉತ್ತರಕ್ಕೆ ಹೊಂಟಿದ್ದು!’ ಎಂದರು. ಮರುದಿನ ನಾನು ಗ್ಲೋಬನ್ನು ಅವರ ಜಗಲಿಗೇ ಒಯ್ದೆ. ಹೂ ಕಟ್ಟುವ ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಅವರೇ ಬೆರಳಿನಿಂದ ಒತ್ತಿ ಹಿಡಿದರು, ಇನ್ನೊಂದು ತುದಿಯನ್ನು ನಾನು ಸ್ಯಾನ್ ಫ್ರಾನ್ಸಿಸ್ಕೊದ ಮೇಲಿಟ್ಟು ಬಿಗಿಯಾಗಿ ಎಳೆದೆ. ಸಡಿಲವಾಗಿದ್ದಾಗ ಪೆಸಿಫಿಕ್ ಸಾಗರದ ಮೇಲೆ ಬಿದ್ದಿದ್ದ ದಾರ ಬಿಗಿಯಾಗುತ್ತ ಮೇಲಕ್ಕೆ ಸರಿದು, ರಷ್ಯಾ ದಾಟಿ, ಆರ್ಕ್ಟಿಕ್ ಸಾಗರದ ಅಂಚಿಗೆ ಹೋಗಿ ನಿಂತಿತು. ಅದೇ ಅತಿ ಹತ್ತಿರದ ದಾರಿ, ಸುಮಾರು 14,000 ಕಿಲೋಮೀಟರ್. ಗೋಡೆಯ ನಕ್ಷೆಯಲ್ಲಿ ಧ್ರುವವೆಂಬ ಒಂದೇ ಬಿಂದುವನ್ನು ಎಳೆದು ಮೇಲಂಚಿನ ಉದ್ದಕ್ಕೂ ಹಿಗ್ಗಿಸಿರುವುದರಿಂದ ಈ ದಾರಿಯೇ ಹತ್ತಿರವೆಂದು ಅಲ್ಲಿ ಕಾಣುವುದಿಲ್ಲ. ಎಷ್ಟೋ ಶಾಲೆಗಳಲ್ಲಿ ಗ್ಲೋಬ್ ಇರುತ್ತದೆ, ಆದರೆ ಅದನ್ನು ಕಪಾಟಿನಿಂದ ಹೊರಗೆ ತೆಗೆಯುವವರೇ ಇಲ್ಲವಲ್ಲ ಎಂಬುದು ನನ್ನ ಸಂಕಟ.

2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ ಏರ್ ಇಂಡಿಯಾ ವಿಮಾನವನ್ನು ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ತಂದದ್ದು ಉತ್ತರ ಧ್ರುವದ ಮೇಲಿನಿಂದಲೇ. ಗ್ಲೋಬ್ ನೋಡಿದವರಿಗೆ ಅದರಲ್ಲಿ ಆಶ್ಚರ್ಯವಿಲ್ಲ.

ದೂರ ಒಂದೇ ಆದರೂ ಹೋಗುವ ಮತ್ತು ಬರುವ ಸಮಯ ಬೇರೆಯಾಗುವುದಕ್ಕೆ ಕಾರಣ ಗಾಳಿ. ಸುಮಾರು 10 ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಪ್ರವಾಹ ಬೆನ್ನಿಗಿದ್ದುದರಿಂದಲೇ 2020ರ ಫೆಬ್ರವರಿಯಲ್ಲಿ ಒಂದು ವಿಮಾನ ನ್ಯೂಯಾರ್ಕ್‌ನಿಂದ ಲಂಡನ್ನಿಗೆ 5 ತಾಸಿನೊಳಗೆ ತಲುಪಿತು.

ನನಗೆ ಕೊಟ್ಟ ಸಮಯ ಮುಗಿಯುತ್ತ ಬಂದಿದೆ, ಗಡಿಯಾರದ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ಟಿಕೆಟ್ಟಿನಲ್ಲಿರುವುದು ಆಯಾ ಊರಿನ ಸಮಯ. ಆ 2021ರ ವಿಮಾನ ಶನಿವಾರ ರಾತ್ರಿ ಹೊರಟು ಸೋಮವಾರ ಬೆಳಗಿನ ಜಾವ ಇಳಿಯಿತು. ಆದರೆ ಹಾರಿದ್ದು ಸುಮಾರು 17 ತಾಸು ಮಾತ್ರ, ಏಕೆಂದರೆ ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ತಾಸು ಹಿಂದಿರುತ್ತದೆ. ಸೋಮವಾರ ನಸುಕಿನಲ್ಲಿ ಬೆಂಗಳೂರಿಗೆ ಇಳಿಯುವವರನ್ನು ಕರೆತರಲು ಶಿರಸಿಯಿಂದ ಕಾರು ಭಾನುವಾರ ಮಧ್ಯಾಹ್ನವೇ ಹೊರಡಲಿ. ನಮಸ್ಕಾರ.