ಕೋಲು ಹಿಡಿದವರ ಬಗ್ಗೆ ಕವಿತೆ ಹೇಳಿದವರು ಯಾರು?

[ತುಮಕೂರು, ಅಮಾನಿಕೆರೆ ದಂಡೆ. ನಿರೂಪಕರು ಕ್ಯಾಮೆರಾ ನೋಡಿ ಮಾತಾಡುತ್ತಾರೆ.]

ನಮಸ್ಕಾರ. ಪಾವಗಡದ ಕಡೆಯ ಒಬ್ಬ ವೀಕ್ಷಕರು ಒಂದು ಪ್ರಶ್ನೆ ಕಳಿಸಿದ್ದರು. ಚಿಕ್ಕಂದಿನಲ್ಲೇ ಪೋಲಿಯೋ ಆದವರು. "ನಮ್ಮ ಕವಿತೆಗಳಲ್ಲಿ ವಯಸ್ಸಾದವರು, ಅಂಗವಿಕಲರು ಬರೋದು ಒಂದೋ ಹೆದರಿಸೋಕೆ, ಇಲ್ಲಾ ಕನಿಕರ ಹುಟ್ಟಿಸೋಕೆ. ಯಾಕೆ ಸಾರ್?" ಅಂತ. ತುಂಬಾ ದಿನ ಕಾಡಿದ ಪ್ರಶ್ನೆ ಇದು.

ವಚನ ಅಂದರೇನು, ಕಲ್ಯಾಣದಲ್ಲಿ ಏನಾಯ್ತು, ಇದೆಲ್ಲ ಶಾಲೆಯಲ್ಲೇ ಓದಿದ್ದೀರಿ. ನೇರವಾಗಿ ಸಾಲಿಗೇ ಹೋಗೋಣ.

[ತೆರೆಯ ಮೇಲೆ ವಚನ]

"ನೆರೆ ಕೆನ್ನೆಗೆ, ತೆರೆ ಗಲ್ಲಕೆ, ಶರೀರ ಗೂಡುವೋಗದ ಮುನ್ನ." ಬಸವಣ್ಣನವರದು, 12ನೇ ಶತಮಾನ. ಮುಂದೆ ಬರುತ್ತೆ ನೋಡಿ: "ಕಾಲ ಮೇಲೆ ಕೈಯನೂರಿ ಕೋಲ ಹಿಡಿಯದ ಮುನ್ನ." ಇಲ್ಲಿ ಸ್ವಲ್ಪ ನಿಲ್ಲೋಣ. ಮಂಡಿನೋವಿನ ಅಜ್ಜಿ ಜಗಲಿಯಿಂದ ಏಳೋದನ್ನ ಗಮನಿಸಿದ್ದೀರಾ? ಮೊದಲು ಅಂಗೈ ತೊಡೆಯ ಮೇಲೆ ಊರುತ್ತಾರೆ. ಸೊಂಟ ಅರ್ಧ ಏಳುತ್ತೆ. ಅಲ್ಲೇ ಒಂದು ಉಸಿರು ತಗೋತಾರೆ. ಆಮೇಲೆ ಇನ್ನೊಂದು ಕೈ ಗೋಡೆಗೆ ಒರಗಿಸಿದ ಕೋಲಿಗೆ ಹೋಗುತ್ತೆ. ಅಷ್ಟನ್ನೂ ಅರ್ಧ ಸಾಲಿನಲ್ಲಿ ಹಿಡಿದಿದ್ದಾರೆ. ಕಣ್ಣಿಟ್ಟು ನೋಡದವರಿಗೆ ಇದು ಸಾಧ್ಯವೇ ಇಲ್ಲ.

ಇನ್ನೊಂದು ಮಾತಿದೆ: "ಅನ್ಯರಿಗೆ ಹಂಗಾಗದ ಮುನ್ನ." ಹಲ್ಲು ಬೀಳೋದು, ಬೆನ್ನು ಬಾಗೋದು ಹೇಗೋ ನಡೆದುಹೋಗುತ್ತೆ. ಮಾತ್ರೆಗೆ ಮಗನ ಹತ್ತಿರ ಕಾಸು ಕೇಳಬೇಕಲ್ಲ, ಅದು ಕಷ್ಟ. ಮುಪ್ಪಿನ ನಿಜವಾದ ನೋವು ಎಲ್ಲಿದೆ ಅಂತ ಈ ವಚನಕ್ಕೆ ಗೊತ್ತು.

ಆದರೆ ಇದೆಲ್ಲ ಆಗೋ ಮುಂಚೆ ದೇವರನ್ನ ಪೂಜಿಸು ಅನ್ನೋದು ವಚನದ ಮಾತು. ಅಂದರೆ ಕಾಲು ಗಟ್ಟಿ ಇರೋರು, ಕಾಲು ಗಟ್ಟಿ ಇರೋರಿಗೇ ಹೇಳ್ತಿದ್ದಾರೆ. ಅಷ್ಟು ಚೆನ್ನಾಗಿ ಕಂಡ ಆ ಹಿರಿಯರಿಗೆ ಇಲ್ಲಿ ಬಾಯಿಲ್ಲ.

ಇನ್ನೊಂದು ವಚನ ನಿಮಗೆ ಬಾಯಿಪಾಠವೇ ಇರುತ್ತೆ. "ಅತ್ತಲಿತ್ತ ಹೋಗದಂತೆ ಹೆಳವನ ಮಾಡಯ್ಯ ತಂದೆ." ಆಮೇಲೆ ಅಂಧಕನ ಮಾಡು, ಕಿವುಡನ ಮಾಡು ಅಂತ ಬೇಡ್ತಾರೆ. ಮನಸ್ಸು ಅಲೆಯದಿರಲಿ ಅನ್ನೋ ಬೇಡಿಕೆ ಅದು, ದೊಡ್ಡ ಮಾತು. ನನಗೆ ಬಸವಣ್ಣನವರ ಮೇಲೆ ಅಪಾರ ಗೌರವ. ಆದರೂ ಹೇಳಲೇಬೇಕು. ನಡೆಯಲಾಗದವರಿಗೆ ಎಲ್ಲೂ ಹೋಗೋ ಆಸೆ ಇರಲ್ಲ ಅನ್ನೋ ಚಿತ್ರ ನಮ್ಮ ತಲೆಯಲ್ಲಿ ಉಳಿದುಬಿಟ್ಟಿದೆ. ಕಚೇರಿ ಮೆಟ್ಟಿಲ ಕೆಳಗೆ ತ್ರಿಚಕ್ರ ಗಾಡಿಯಲ್ಲಿ ಕೂತವರನ್ನ ಕೇಳಿ. ಅವರಿಗೆ ಅತ್ತಲೂ ಹೋಗಬೇಕು, ಇತ್ತಲೂ ಹೋಗಬೇಕು. ರ‍್ಯಾಂಪ್ ಇಲ್ಲ, ಅಷ್ಟೇ.

[ಚಿತ್ರ: ಎತ್ತು, ಅದರ ಮೇಲೆ ಕಂಬಳಿ ಹೊದ್ದು ಕೂತ ವ್ಯಕ್ತಿ]

ಈಗ ನನಗೆ ತುಂಬಾ ಇಷ್ಟವಾದ ಭಾಗ. ಹೆಳವರು ಗೊತ್ತಲ್ವಾ? ಎತ್ತಿನ ಮೇಲೆ ಕೂತು, ಕಾಲಿನ ಮೇಲೆ ಕಂಬಳಿ ಹೊದ್ದು ಊರಿಗೆ ಬರೋರು. ಮನೆ ಮುಂದೆ ನಿಂತು ನಿಮ್ಮ ಮುತ್ತಾತ, ಅವರಪ್ಪ, ಅವರಪ್ಪನ ಅಪ್ಪ, ಯಾವ ಊರಿಂದ ಬಂದರು, ಯಾರಿಗೆ ಹೆಣ್ಣು ಕೊಟ್ಟರು, ಎಲ್ಲ ರಾಗವಾಗಿ ಹೇಳೋರು. ತಮ್ಮ ಮೂಲಪುರುಷ ನಡೆಯಲಾಗದವನು, ಎತ್ತೇ ಅವನ ಕಾಲು, ವಂಶದ ನೆನಪೇ ಅವನ ಕಸುಬು ಅಂತ ಅವರ ಕಥೆ.

ಯೋಚಿಸಿ. ಇಲ್ಲಿ ಕಾಲಿಲ್ಲದವನು ಕವಿತೆಯ ಒಳಗೆ ಮೂಲೆಯಲ್ಲಿ ಕೂತಿಲ್ಲ. ಕವಿತೆ ಹೇಳೋನೇ ಅವನು. ಊರಿಡೀ ನಡೆದಾಡೋ ಯಜಮಾನರು ತಮ್ಮ ತಾತನ ಹೆಸರಿಗೆ ಅವನ ಬಾಯಿ ನೋಡಬೇಕು. ಆತನಿಗೆ ಅಳೆದುಕೊಟ್ಟ ರಾಗಿ, ಜೋಳ ಭಿಕ್ಷೆ ಅಂತ ನನಗೆ ಅನ್ನಿಸಲ್ಲ. ಅದು ಸಂಬಳ. ಆ ವೀಕ್ಷಕರ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇದೇ: ಅಂಥವರು ಕವಿತೆಯಲ್ಲಿ ಇದ್ದಾರೋ ಇಲ್ವೋ ಅಂತ ನೋಡಿದರೆ ಸಾಲದು. ಮಾತು ಯಾರ ಬಾಯಲ್ಲಿದೆ ಅಂತ ನೋಡಬೇಕು.

ಸಮಯ ಕಮ್ಮಿ ಇದೆ, ಉಳಿದದ್ದು ಬೇಗ ಹೇಳ್ತೀನಿ. ಮುಳಬಾಗಿಲಿನ ಡಿ.ವಿ.ಜಿ. ಕಗ್ಗದಲ್ಲಿ "ಬೆಲ್ಲ ಸಕ್ಕರೆಯಾಗು ದೀನದುರ್ಬಲರಿಂಗೆ" ಅಂತಾರೆ. ಅದನ್ನ ಓದಿದಾಗೆಲ್ಲ ಮನಸ್ಸು ಮೆತ್ತಗಾಗುತ್ತೆ. ಆದರೆ ಅಲ್ಲೂ ದುರ್ಬಲರು ತಗೊಳ್ಳೋರು ಮಾತ್ರ. ಇಂಗ್ಲಿಷ್ ಕವಿ ಮಿಲ್ಟನ್ 1652ರ ಹೊತ್ತಿಗೆ ಪೂರ್ತಿ ಕುರುಡಾದರು, ತಮ್ಮ ಮಹಾಕಾವ್ಯವನ್ನ ಬೇರೆಯವರ ಕೈಯಲ್ಲಿ ಬರೆಸಿ 1667ರಲ್ಲಿ ಹೊರತಂದರು. ಕಣ್ಣು ಹೋದದ್ದರ ಬಗ್ಗೆ ಬರೆದ ಪದ್ಯದಲ್ಲಿ ಅವರು ಕನಿಕರ ಕೇಳೋದಿಲ್ಲ. ಬೆಳಕಿಲ್ಲದ ನಾನು ಕೆಲಸ ಹೇಗೆ ಮಾಡಲಿ ಅಂತ ಕೇಳ್ತಾರೆ. ನಮ್ಮ ಕಾನೂನು 2016ರಲ್ಲಿ 21 ಬಗೆಯ ಅಂಗವೈಕಲ್ಯ ಗುರುತಿಸಿತು, ಕಾವ್ಯ ಇನ್ನೂ ಕುರುಡು, ಕುಂಟು, ಕಿವುಡುಗಳಲ್ಲೇ ಇದೆ.

ಚಿಂತಾಮಣಿ ಪಕ್ಕದ ಕೈವಾರಕ್ಕೆ ಹೋಗಿ. ಬಳೆ ಮಾರುತ್ತಿದ್ದ ನಾರೇಯಣಪ್ಪನವರು 110 ವರ್ಷ ಬದುಕಿದರು ಅನ್ನೋದು ಜನರ ನಂಬಿಕೆ. ಅವರನ್ನ ಇಡೀ ಸೀಮೆ ಕರೆಯೋದೇ ತಾತಯ್ಯ ಅಂತ. ಅವರ ಕೀರ್ತನೆಗಳನ್ನ ಹುಡುಗರೂ ಕನ್ನಡದಲ್ಲಿ, ತೆಲುಗಲ್ಲಿ ಭಜನೆ ಮಾಡ್ತಾರೆ. ಅಲ್ಲಿ ವಯಸ್ಸಿಗೆ ಯಾರೂ ಹೆದರಲ್ಲ.

ಒಂದು ಕೆಲಸ ಮಾಡಿ. ಮಧುಗಿರಿ, ಶ್ರೀನಿವಾಸಪುರ, ಬಾಗೇಪಲ್ಲಿ, ಎಲ್ಲೇ ಇರಿ, ತಮ್ಮ ಕಾಲು, ಕಣ್ಣು, ವಯಸ್ಸಿನ ಬಗ್ಗೆ ತಾವೇ ಪದ ಕಟ್ಟಿ ಹೇಳೋ ಹಿರಿಯರಿದ್ದರೆ, ಅವರು ಒಪ್ಪಿದರೆ, ಅವರದೇ ದನಿಯಲ್ಲಿ ರೆಕಾರ್ಡ್ ಮಾಡಿ ಕಳಿಸಿ. ಕನ್ನಡವೋ ತೆಲುಗೋ, ಯಾವುದಾದರೂ ಸರಿ. ಮುಂದಿನ ವಿಡಿಯೋದಲ್ಲಿ ನಾನು ಮಾತಾಡಲ್ಲ, ಅವನ್ನೇ ಹಾಕ್ತೀನಿ.