ವಿಮರ್ಶಕರ ಪ್ರಶಸ್ತಿ ಇರೋದು ಆಸ್ಕರ್ ಭವಿಷ್ಯ ಹೇಳೋಕಲ್ಲ

ಡಿಸೆಂಬರ್ ಬಂತು ಅಂದರೆ ಅಮೆರಿಕದ ವಿಮರ್ಶಕರ ಸಂಘಗಳು ಒಂದರ ಹಿಂದೆ ಒಂದು ಪ್ರಶಸ್ತಿ ಘೋಷಿಸುತ್ತವೆ. ನ್ಯೂಯಾರ್ಕ್‌ನವರು, ಲಾಸ್ ಏಂಜಲೀಸ್‌ನವರು, ಹೀಗೆ. ತಕ್ಷಣ ಎಲ್ಲರದ್ದೂ ಒಂದೇ ಪ್ರಶ್ನೆ, ಹಾಗಾದರೆ ಆಸ್ಕರ್ ಯಾರಿಗೆ? ನನಗೆ ಈ ಪ್ರಶ್ನೆ ಕೇಳಿದರೇ ಬೇಜಾರು. ಭವಿಷ್ಯ ಹೇಳೋದೇ ಕೆಲಸ ಅಂತಾದರೆ ಗಿಣಿಶಾಸ್ತ್ರದವರು ಸಾಕಲ್ವಾ?

1985ರ ಕತೆ ಕೇಳಿ. ಟೆರ್ರಿ ಗಿಲಿಯಮ್ ಅನ್ನೋ ನಿರ್ದೇಶಕ 'ಬ್ರೆಜಿಲ್' ಅಂತ ಸಿನಿಮಾ ಮಾಡಿದ್ದರು. ಯುರೋಪ್‌ನಲ್ಲಿ ಅದು ಆಗಲೇ ಬಿಡುಗಡೆಯಾಗಿತ್ತು. ಅಮೆರಿಕದಲ್ಲಿ ಮಾತ್ರ ಯೂನಿವರ್ಸಲ್ ಸ್ಟುಡಿಯೋ ಬಿಡಲಿಲ್ಲ. ಉದ್ದ ಜಾಸ್ತಿ, ಕೊನೆಯಲ್ಲಿ ಎಲ್ಲ ಸುಖವಾಗಿ ಮುಗಿಯಬೇಕು ಅಂತ ಹಟ. ಗಿಲಿಯಮ್ ಏನು ಮಾಡಿದರು ಗೊತ್ತಾ, ಸ್ಟುಡಿಯೋ ಮುಖ್ಯಸ್ಥ ಸಿಡ್ ಶೈನ್‌ಬರ್ಗ್ ಹೆಸರು ಹಿಡಿದು, ನನ್ನ ಸಿನಿಮಾ ಯಾವಾಗ ಬಿಡ್ತೀರಿ ಅಂತ 'ವೆರೈಟಿ' ಪತ್ರಿಕೆಯಲ್ಲಿ ಪೂರ್ತಿ ಪುಟದ ಜಾಹೀರಾತು ಹಾಕಿಸಿದರು, ಜೊತೆಗೆ ಸದ್ದಿಲ್ಲದೆ ವಿಮರ್ಶಕರಿಗೆ ಸಿನಿಮಾ ತೋರಿಸುತ್ತಾ ಹೋದರು. ಲಾಸ್ ಏಂಜಲೀಸ್ ವಿಮರ್ಶಕರು ಅಮೆರಿಕದ ಥಿಯೇಟರ್‌ಗೇ ಬಾರದ ಆ ಸಿನಿಮಾಕ್ಕೆ ಅತ್ಯುತ್ತಮ ಚಿತ್ರ, ನಿರ್ದೇಶನ, ಚಿತ್ರಕತೆ ಮೂರೂ ಪ್ರಶಸ್ತಿ ಕೊಟ್ಟುಬಿಟ್ಟರು! ಮರ್ಯಾದೆ ಪ್ರಶ್ನೆ ಬಂತು ನೋಡಿ, ಡಿಸೆಂಬರ್ ಮುಗಿಯೋದರೊಳಗೆ ಸಿನಿಮಾ ಬಿಡುಗಡೆ.

ಆಸ್ಕರ್ ಸಿಗಲಿಲ್ಲ. ಸಿಗದಿದ್ದರೆ ಏನಂತೆ, ಜನ ಸಿನಿಮಾ ನೋಡುವ ಹಾಗಾಯಿತು.

ನನಗೆ ಇನ್ನೂ ಇಷ್ಟ ಆಗೋದು 1966ರಲ್ಲಿ ಶುರುವಾದ ನ್ಯಾಷನಲ್ ಸೊಸೈಟಿ ಆಫ್ ಫಿಲ್ಮ್ ಕ್ರಿಟಿಕ್ಸ್. ಪ್ರತಿ ಸದಸ್ಯರೂ ಮೂರು ಹೆಸರು ಬರೀತಾರೆ. ಮೊದಲನೆಯದಕ್ಕೆ 3 ಅಂಕ, ಆಮೇಲೆ 2, 1. ಗೆದ್ದವರಿಗೆ ಎಷ್ಟು ಬಂತು, ಹಿಂದೆ ಬಿದ್ದವರಿಗೆ ಎಷ್ಟು ಬಂತು ಅನ್ನೋದನ್ನು ಎಲ್ಲರಿಗೂ ಹೇಳುತ್ತಾರೆ. ಅಮೆರಿಕದಲ್ಲಿ ಇನ್ನೂ ವಿತರಕರೇ ಸಿಗದ ಸಿನಿಮಾವನ್ನು ಹುಡುಕಿ ವಿಶೇಷ ಮನ್ನಣೆ ಕೊಡೋ ಪದ್ಧತಿಯೂ ಇದೆ. 2025ರ ಜನವರಿಯಲ್ಲಿ ಇದೇ ಸಂಘ ಅತ್ಯುತ್ತಮ ನಿರ್ದೇಶಕಿ ಅಂತ ಆರಿಸಿದ್ದು ನಮ್ಮ ಪಾಯಲ್ ಕಪಾಡಿಯಾ ಅವರನ್ನು, 'ಆಲ್ ವಿ ಇಮ್ಯಾಜಿನ್ ಆ್ಯಸ್ ಲೈಟ್' ಚಿತ್ರಕ್ಕೆ. ಅದೇ ಚಿತ್ರವನ್ನು ನಮ್ಮ ಫಿಲ್ಮ್ ಫೆಡರೇಷನ್ ಆಸ್ಕರ್‌ಗೆ ಕಳಿಸಲೇ ಇಲ್ಲ, 'ಲಾಪತಾ ಲೇಡೀಸ್' ಕಳಿಸಿತು. ಅದೂ ಒಳ್ಳೆ ಸಿನಿಮಾನೇ, ಜಗಳ ಬೇಡ. ಆದರೆ ಭವಿಷ್ಯ ಹೇಳೋರು ಇಂಥ ಆಯ್ಕೆ ಮಾಡೋದಿಲ್ಲ, ಸಿನಿಮಾ ಹಚ್ಚಿಕೊಂಡವರು ಮಾಡ್ತಾರೆ.

ಕನ್ನಡಕ್ಕೂ ಚಂದನವನ ಫಿಲ್ಮ್ ಕ್ರಿಟಿಕ್ಸ್ ಅಕಾಡೆಮಿ ಇದೆ, ಪ್ರಶಸ್ತಿ ಕೊಡುತ್ತದೆ. ಸಂತೋಷ. ಒಂದು ವಾರ ಓಡಿ, ನಾಲ್ಕು ಶೋ ಸಿಕ್ಕು, ಸುಮ್ನೆ ಮಾಯವಾಗೋ ಸಿನಿಮಾಗಳು ನಮ್ಮಲ್ಲಿ ಬೇಕಾದಷ್ಟಿವೆ. ಅಂಥದ್ದರಲ್ಲಿ ಒಂದಕ್ಕೆ ದೊಡ್ಡ ಪ್ರಶಸ್ತಿ ಹೋಗಲಿ, ಸ್ಟಾರ್ ಅಭಿಮಾನಿಗಳು ಕಾಮೆಂಟ್‌ನಲ್ಲಿ ಬೈಯಲಿ, ಮಾರನೇ ದಿನ ಒಂದು ಥಿಯೇಟರ್‌ನವರಾದರೂ ಫೋನ್ ಮಾಡಿ ಪ್ರಿಂಟ್ ಕೇಳಲಿ. ನಿಮ್ಮ ಲೆಕ್ಕದಲ್ಲಿ ಅಂಥ ಸಿನಿಮಾ ಯಾವುದು? ಕೆಳಗೆ ಬರೀರಿ, ದಯವಿಟ್ಟು ನಿಮ್ಮ ಹೀರೋ ಹೆಸರು ಬೇಡ.