ಜಗಳ ಆಡೋಣ, ಬಳಕೆದಾರರನ್ನು ಮುಂದಿಟ್ಟುಕೊಂಡು

ನಮಸ್ಕಾರ. ವೆಬ್ ಪ್ರೋಗ್ರಾಮಿಂಗ್ ಮಾಡುವ ನಮ್ಮ ಮಂದಿಯಲ್ಲಿ ಬೇರೂರಿರುವ ಒಂದು ಅಭ್ಯಾಸದ ಬಗ್ಗೆ, ಬೇರೆಯವರ ಭಾಷೆ, ಸಲಕರಣೆ ಕಂಡು ನಗುವ ತಾತ್ಸಾರದ ಬಗ್ಗೆ, ಇವತ್ತು ಮಾತಾಡಬೇಕು.

ಪಿಎಚ್‌ಪಿ ಅನ್ನುವ ವೆಬ್ ಭಾಷೆಯನ್ನು ಹೊಸದಾಗಿ ಕಲಿಯುತ್ತಿರುವ ಹುಡುಗಿಯೊಬ್ಬಳು ಹೀಗೆ ಕೇಳುತ್ತಾಳೆ ಅಂದುಕೊಳ್ಳಿ: "ಪಿಎಚ್‌ಪಿಯಲ್ಲಿ ಆರ್ಡರ್ ಫಾರಂ ಮಾಡಿದ್ದೇನೆ. ಸಬ್ಮಿಟ್ ಒತ್ತಿದ ಮೇಲೆ ಪುಟ ರಿಫ್ರೆಶ್ ಮಾಡಿದರೆ ಅದೇ ಆರ್ಡರ್ ಇನ್ನೊಂದು ಸಲ ದಾಖಲಾಗುತ್ತಿದೆ. ಏನು ಮಾಡಲಿ?" ಮೊದಲು ಬರುವ ಉತ್ತರ: "ಈಗಲೂ ಪಿಎಚ್‌ಪಿ ಬಳಸ್ತಾರಾ ಯಾರಾದ್ರೂ?" ಅದಕ್ಕೆ ನಾಲ್ಕು ಜನ ನಗುತ್ತಾರೆ. ಇನ್ನೊಬ್ಬರು ಬಂದು "ನೋಡ್.ಜೆಎಸ್ ಕಲಿ" ಅಂತ, ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ಸಲಕರಣೆಯ ಹೆಸರು ಹೇಳಿ, ಉಪದೇಶ ಮಾಡಿ ಹೋಗುತ್ತಾರೆ.

ಅವಳ ಪ್ರಶ್ನೆಗೆ ಉತ್ತರ ಏನು ಗೊತ್ತಾ? ಫಾರಂ ಪೋಸ್ಟ್ ಆಗಿ, ಅಂದರೆ ಮಾಹಿತಿ ಕಳಿಸುವ ಕೋರಿಕೆಯಾಗಿ, ಬಂದಾಗ ಸರ್ವರ್ ಅಲ್ಲೇ ನೇರವಾಗಿ ಒಂದು ಪುಟ ಕಳಿಸಿಬಿಟ್ಟರೆ, ಬ್ರೌಸರ್ ಲೆಕ್ಕದಲ್ಲಿ ಆ ಪುಟ ಬಂದದ್ದು ಪೋಸ್ಟ್‌ನಿಂದ. ಹಾಗಾಗಿ ರಿಫ್ರೆಶ್ ಅಂದರೆ ಅದೇ ಪೋಸ್ಟ್ ಮತ್ತೊಮ್ಮೆ. ಆರ್ಡರ್ ಉಳಿಸಿಕೊಂಡ ಮೇಲೆ 303 ಅನ್ನುವ ಸ್ಟೇಟಸ್ ಕೋಡ್ ಕೊಟ್ಟು ಬ್ರೌಸರನ್ನು ಬೇರೆ ವಿಳಾಸಕ್ಕೆ ಕಳಿಸಬೇಕು. ಅಲ್ಲಿಂದ ಅದು ಗೆಟ್ ಮಾಡಿ, ಅಂದರೆ ಪುಟವನ್ನಷ್ಟೇ ಕೇಳಿ, "ನಿಮ್ಮ ಆರ್ಡರ್ ಬಂದಿದೆ" ಅನ್ನುವ ಪುಟ ತರುತ್ತದೆ. ಆಮೇಲೆ ಎಷ್ಟು ಸಲ ರಿಫ್ರೆಶ್ ಮಾಡಿದರೂ ಬರುವುದು ಆ ಪುಟ ಮಾತ್ರ. ಇದು ಬ್ರೌಸರ್ ಮತ್ತು ಸರ್ವರ್ ಮಾತಾಡಿಕೊಳ್ಳುವ ನಿಯಮವಾದ ಎಚ್‌ಟಿಟಿಪಿಗೆ ಸೇರಿದ ವಿಷಯ. ನೋಡ್, ಪೈಥಾನ್, ರೂಬಿ, ಯಾವುದರಲ್ಲಿ ಬರೆದರೂ ಇದೇ ತೊಂದರೆ, ಇದೇ ಪರಿಹಾರ. ಅವಳು ಆ ಉಪದೇಶ ನಂಬಿ ನೋಡ್‌ಗೆ ಹೋದರೆ ಆರು ತಿಂಗಳ ನಂತರ ಅಲ್ಲೂ ಆರ್ಡರ್ ಎರಡು ಸಲ ಬೀಳುತ್ತದೆ.

ನಕ್ಕವರಿಗೆ ಈ ಉತ್ತರ ಗೊತ್ತಿತ್ತೋ ಇಲ್ಲವೋ, ನಮಗೆ ತಿಳಿಯುವ ದಾರಿಯೇ ಇಲ್ಲ. ತಾತ್ಸಾರದಿಂದ ಆಗುವ ದೊಡ್ಡ ಹಾನಿ ಇದು. ಏನೂ ಗೊತ್ತಿಲ್ಲದವರೂ ಅದನ್ನು ತೊಟ್ಟುಕೊಂಡು ಪಳಗಿದವರ ಹಾಗೆ ಕಾಣಿಸಿಕೊಳ್ಳಬಹುದು.

ನಾನು ಪಿಎಚ್‌ಪಿ ಪರ ವಕಾಲತ್ತು ಹಾಕಲು ಬಂದಿಲ್ಲ. 1995ರಲ್ಲಿ ರಾಸ್ಮಸ್ ಲೆರ್ಡಾರ್ಫ್ ಅದನ್ನು ಹೊರಗೆ ಬಿಟ್ಟಾಗ ಅದು ಸ್ವಂತ ಪುಟ ನೋಡಿಕೊಳ್ಳಲು ಮಾಡಿಕೊಂಡ ಸಣ್ಣ ಸಲಕರಣೆಗಳ ಗಂಟು. ಆಮೇಲೆ ಬೆಳೆದ ರೀತಿಯಲ್ಲಿ ಅಪಾಯಗಳಿದ್ದವು. ರಿಜಿಸ್ಟರ್ ಗ್ಲೋಬಲ್ಸ್ ಅಂತ ಒಂದು ಸೆಟ್ಟಿಂಗ್ ಇತ್ತು. ವಿಳಾಸದ ಸಾಲಿನಲ್ಲಿ ಯಾರು ಏನು ಬರೆದರೂ ಅದು ನಿಮ್ಮ ಪ್ರೋಗ್ರಾಮಿನಲ್ಲಿ ವೇರಿಯಬಲ್ ಆಗಿ ಕೂರುತ್ತಿತ್ತು. "ಇದರಿಂದ ಹೊರಗಿನವನು ತಾನೇ ಅಡ್ಮಿನ್ ಆಗಬಹುದು" ಅಂತ ಬಲ್ಲವರು ಬಿಡಿಸಿ ಹೇಳಿದರು, ಉದಾಹರಣೆ ಕೊಟ್ಟರು. ಮೊದಲು ಅದನ್ನು ಡೀಫಾಲ್ಟ್ ಆಗಿ ಆಫ್ ಮಾಡಿದರು, 2012ರ 5.4 ಆವೃತ್ತಿಯಲ್ಲಿ ಕಿತ್ತೇ ಹಾಕಿದರು. ಹೊರಗಿನವರು ಡೇಟಾಬೇಸಿಗೆ ತಮ್ಮ ಆದೇಶ ತುರುಕುವ ಎಸ್‌ಕ್ಯೂಎಲ್ ಇಂಜೆಕ್ಷನ್‌ಗೆ ದಾರಿ ಮಾಡಿಕೊಡುತ್ತಿದ್ದ ಹಳೆಯ ಮೈಎಸ್‌ಕ್ಯೂಎಲ್ ಫಂಕ್ಷನ್‌ಗಳು 2015ರ ಪಿಎಚ್‌ಪಿ 7ರಲ್ಲಿ ಹೋದವು. ಇಲ್ಲಿ ಕೆಲಸ ಮಾಡಿದ್ದು ಬೆರಳಿಟ್ಟು ತೋರಿಸಿದ ಟೀಕೆ. ನಕ್ಕವರಿಂದ ಒಂದು ಸಾಲೂ ಬದಲಾಗಲಿಲ್ಲ.

ಜನ ಯಾಕೆ ಹೀಗಾಡುತ್ತಾರೆ ಅನ್ನುವುದು ನನಗೆ ಅರ್ಥವಾಗುತ್ತದೆ. ಒಂದು ಫ್ರೇಮ್‌ವರ್ಕ್, ಅಂದರೆ ಸಿದ್ಧ ಕೋಡಿನ ಚೌಕಟ್ಟು, ಕಲಿಯಲು ಸಂಜೆಗಳು, ಭಾನುವಾರಗಳು ಹೋಗಿರುತ್ತವೆ. ಸಿಕ್ಕ ಕೆಲಸವೂ ಅದರ ಹೆಸರಿನ ಮೇಲೇ ಸಿಕ್ಕಿರುತ್ತದೆ. ಯಾರಾದರೂ "ಅದು ಹಳತಾಯಿತು" ಅಂದರೆ ಹೊಟ್ಟೆಗೇ ಕೈ ಹಾಕಿದ ಹಾಗೆ ಅನಿಸುತ್ತದೆ. ಆ ಭಯ ನಿಜ. ಆದರೆ ಭಯವನ್ನು ತಾಂತ್ರಿಕ ವಾದದ ಹಾಗೆ ಮಂಡಿಸಿದಾಗ ಉತ್ತರ ಕೊಡಲು ಯಾರಿಗೂ ಆಗುವುದಿಲ್ಲ.

2012ರಲ್ಲಿ ಜಾವಾಸ್ಕ್ರಿಪ್ಟ್ ಲೋಕದಲ್ಲಿ ಸೆಮಿಕೋಲನ್ ವಿಷಯಕ್ಕೆ ದೊಡ್ಡ ರಾದ್ಧಾಂತ ಆಯಿತು. ಪುಟದ ವಿನ್ಯಾಸಕ್ಕೆ ಬಳಸುವ ಸಿದ್ಧ ಕೋಡಾದ ಬೂಟ್‌ಸ್ಟ್ರಾಪ್‌ನ ಒಂದು ಫೈಲಿನಲ್ಲಿ ಸಾಲಿನ ಕೊನೆಗೆ ಸೆಮಿಕೋಲನ್ ಇರಲಿಲ್ಲ, ಮುಂದಿನ ಸಾಲು ಆಶ್ಚರ್ಯಸೂಚಕ ಚಿಹ್ನೆಯಿಂದ ಶುರುವಾಗುತ್ತಿತ್ತು. ಭಾಷೆಯ ನಿಯಮದ ಪ್ರಕಾರ ಅದು ಸರಿಯೇ, ಹೊಸ ಸಾಲು ಇದ್ದದ್ದರಿಂದ ಎಂಜಿನ್ ಅಲ್ಲೊಂದು ಸೆಮಿಕೋಲನ್ ಇದೆ ಎಂದೇ ಓದಿಕೊಳ್ಳುತ್ತದೆ. ಆದರೆ ಕೋಡನ್ನು ಕಿರಿದು ಮಾಡುವ ಜೆಎಸ್‌ಮಿನ್ ಆ ಹೊಸ ಸಾಲನ್ನು ತೆಗೆದುಹಾಕುತ್ತಿತ್ತು, ಎರಡು ಸಾಲು ಅಂಟಿಕೊಂಡು ಸಿಂಟ್ಯಾಕ್ಸ್ ಎರರ್ ಬರುತ್ತಿತ್ತು. ಬೂಟ್‌ಸ್ಟ್ರಾಪ್ ಕಡೆಯವರು "ನನ್ನ ಕೋಡ್ ಸರಿ ಇದೆ" ಅಂದರು. ಜೆಎಸ್‌ಮಿನ್ ಬರೆದ ಡಗ್ಲಸ್ ಕ್ರಾಕ್‌ಫರ್ಡ್ "ಇಂಥ ಕೋಡ್‌ಗಾಗಿ ನನ್ನ ಪ್ರೋಗ್ರಾಂ ಬದಲಿಸುವುದಿಲ್ಲ" ಅಂದರು, ಅದೂ ಕಟುವಾದ ಮಾತಿನಲ್ಲಿ. ಜಾವಾಸ್ಕ್ರಿಪ್ಟ್ ಹುಟ್ಟಿಸಿದ ಬ್ರೆಂಡನ್ ಐಕ್ ಕೂಡ ಮಧ್ಯೆ ಬಂದು ನಿಯಮ ಏನು ಅಂತ ವಿವರಿಸಬೇಕಾಯಿತು. ಇಬ್ಬರ ಮಾತಿನಲ್ಲೂ ಹುರುಳಿತ್ತು. ಆದರೆ ಎರಡೂ ಸಲಕರಣೆ ಸೇರಿಸಿ ಬಳಸುತ್ತಿದ್ದವನ ಪುಟ ಕೆಟ್ಟು ಕೂತಿತ್ತಲ್ಲ, ಅವನ ಬಗ್ಗೆ ಆ ಗದ್ದಲದಲ್ಲಿ ಎಷ್ಟು ಜನ ಯೋಚಿಸಿದರು?

ಇಂಥ ಶೈಲಿಯ ಜಗಳಗಳಲ್ಲಿ ಬಹುಪಾಲನ್ನು 2017ರಲ್ಲಿ ಬಂದ ಪ್ರೆಟಿಯರ್ ಥರದ, ಕೋಡನ್ನು ತಾವೇ ಒಂದು ಶೈಲಿಗೆ ತರುವ ಫಾರ್ಮ್ಯಾಟರ್‌ಗಳು ಮುಗಿಸಿಬಿಟ್ಟವು. ಒಳ್ಳೆಯದೇ ಆಯಿತು.

ಕೋಡಿನ ಸಾಲನ್ನು ಒಳಗೆ ತಳ್ಳಲು ಟ್ಯಾಬೋ ಸ್ಪೇಸೋ ಅನ್ನುವ ಜಗಳ ಮಾತ್ರ ಬೇರೆ ದಾರಿ ಹಿಡಿಯಿತು, ಅದನ್ನು ಸ್ವಲ್ಪ ನಿಂತು ನೋಡಬೇಕು. ವರ್ಷಗಟ್ಟಲೆ ಅದು ಕೆಲಸಕ್ಕೆ ಬಾರದ ಜಗಳದ ಮಾದರಿ ಆಗಿತ್ತು. ಆಮೇಲೆ ಕಣ್ಣು ಮಂದವಿರುವ, ಕಣ್ಣು ಕಾಣದ ಪ್ರೋಗ್ರಾಮರ್‌ಗಳು ತಮ್ಮ ಅನುಭವ ಹೇಳತೊಡಗಿದರು. 40 ಕೋಶಗಳ ಬ್ರೈಲ್ ಡಿಸ್‌ಪ್ಲೇ ಬೆರಳಡಿ ಇಟ್ಟುಕೊಂಡು ಕೋಡ್ ಓದುವವರನ್ನು ನೆನೆಯಿರಿ. ಪ್ರತಿ ಸ್ಪೇಸೂ ಒಂದು ಕೋಶ ತಿನ್ನುತ್ತದೆ. ನಾಲ್ಕು ಹಂತ ಒಳಗೆ ಹೋದ ಸಾಲಿಗೆ, ಹಂತಕ್ಕೆ ನಾಲ್ಕರ ಹಾಗೆ, 16 ಕೋಶ ಖಾಲಿ ಜಾಗಕ್ಕೇ ಹೋಯಿತು. ಟ್ಯಾಬ್ ಆದರೆ ಹಂತಕ್ಕೆ ಒಂದೇ ಕೋಶ ಸಾಕು. ಅಕ್ಷರವನ್ನು ಪರದೆಯ ತುಂಬ ಹಿಗ್ಗಿಸಿ ಓದುವವರೂ ಟ್ಯಾಬಿನ ಅಗಲವನ್ನು ತಮಗೆ ಬೇಕಾದಷ್ಟು ಕುಗ್ಗಿಸಿಕೊಳ್ಳಬಹುದು, ಬೇರೆಯವರು ಇಟ್ಟ ಸ್ಪೇಸುಗಳನ್ನು ಹಾಗೆ ಮಾಡುವುದು ಸುಲಭವಲ್ಲ. ಬರೀ ರುಚಿಯ ವಿಷಯ ಅಂತ ಎಲ್ಲರೂ ತಳ್ಳಿಹಾಕಿದ್ದ ಪ್ರಶ್ನೆಯೊಳಗೆ ಒಬ್ಬರ ಕೆಲಸದ ಪ್ರಶ್ನೆ ಅಡಗಿತ್ತು. ಇದನ್ನು ಕೇಳಿದ ಮೇಲೆ ನನ್ನ ಆಯ್ಕೆ ಟ್ಯಾಬ್. ವಾದವನ್ನು ನಗುತ್ತಾ ಮುಚ್ಚಿಹಾಕಿದ್ದರೆ ಈ ಮಾತು ನನ್ನ ಕಿವಿಗೆ ಬೀಳುತ್ತಲೇ ಇರಲಿಲ್ಲ.

ಅದಕ್ಕೇ ನನಗೆ ಇನ್ನೊಂದು ಧೋರಣೆಯ ಬಗ್ಗೆಯೂ ಸಿಟ್ಟಿದೆ. "ಯಾವುದಾದರೇನು, ನಿಮಗೆ ಇಷ್ಟವಾದದ್ದು ಬಳಸಿ, ಜಗಳ ಯಾಕೆ" ಅನ್ನುವ ಧೋರಣೆ. ಕೇಳಲು ಸಭ್ಯವಾಗಿದೆ, ಶಾಂತವಾಗಿದೆ. ಆದರೆ ವೆಬ್‌ನಲ್ಲಿ ನನ್ನ ಇಷ್ಟದ ಬೆಲೆ ತೆರುವವರು ನಾನಲ್ಲ, ಪುಟ ತೆರೆದವರು. ಡಿವ್ ಅನ್ನುವ ಬರೀ ಡಬ್ಬಿಯಂಥ ಟ್ಯಾಗಿಗೆ ಕ್ಲಿಕ್ ಹ್ಯಾಂಡ್ಲರ್ ಹಚ್ಚಿ ಬಣ್ಣ ಬಳಿದು ಬಟನ್ ಥರ ಮಾಡಿದರೆ ಮೌಸ್ ಹಿಡಿದವರಿಗೆ ವ್ಯತ್ಯಾಸ ಕಾಣುವುದಿಲ್ಲ. ಕೀಬೋರ್ಡಿನಲ್ಲೇ ಓಡಾಡುವವರು ಟ್ಯಾಬ್ ಒತ್ತುತ್ತಾ ಹೋದರೆ ಫೋಕಸ್ ಅದರ ಮೇಲೆ ನಿಲ್ಲುವುದೇ ಇಲ್ಲ. ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಅದನ್ನು ಬಟನ್ ಅನ್ನುವುದಿಲ್ಲ, ಎಂಟರ್ ಒತ್ತಿದರೆ ಏನೂ ಆಗುವುದಿಲ್ಲ. ಬಟನ್ ಟ್ಯಾಗ್ ಬರೆದಿದ್ದರೆ ಇದೆಲ್ಲ ತಾನಾಗೇ ಬರುತ್ತಿತ್ತು. ಇಲ್ಲಿ "ನಿಮ್ಮ ಇಷ್ಟ" ಅಂದು ಕೈ ತೊಳೆದುಕೊಳ್ಳುವುದು ತಪ್ಪು. ಕೋಡ್ ರಿವ್ಯೂನಲ್ಲಿ ಇಂಥದ್ದು ಬಂದರೆ ತಡೆಯಬೇಕು, ವಾದ ಮಾಡಬೇಕು. ವೆಬ್‌ಏಮ್ ಸಂಸ್ಥೆ ಪ್ರತಿ ವರ್ಷ ಹತ್ತು ಲಕ್ಷ ಹೋಂಪೇಜ್‌ಗಳನ್ನು ಯಂತ್ರದಿಂದ ಪರೀಕ್ಷಿಸುತ್ತದೆ. 2024ರಲ್ಲಿ 95.9 ಶೇಕಡಾ ಪುಟಗಳಲ್ಲಿ ಆಕ್ಸೆಸಿಬಿಲಿಟಿ ದೋಷ, ಅಂದರೆ ಅಂಗವೈಕಲ್ಯ ಇರುವವರಿಗೆ ಅಡ್ಡಿಯಾಗುವ ದೋಷ, ಸಿಕ್ಕಿತು. ಫ್ರೇಮ್‌ವರ್ಕ್‌ಗಳಲ್ಲಿ ರಿಯಾಕ್ಟ್ ಮೇಲೋ ವ್ಯೂ ಮೇಲೋ ಅಂತ ನಾವು ಗಂಟಲು ಹರಿದುಕೊಂಡ ವರ್ಷಗಳಲ್ಲೇ ಪರಿಸ್ಥಿತಿ ಹೀಗಿದೆ.

ಜಗಳ ಹೇಗಿರಬೇಕು ಅಂದರೆ ನನಗೆ ನೆನಪಾಗುವುದು 2018ರ ಒಂದು ಪ್ರಸಂಗ. ಒಳಗೊಳಗೆ ಹುದುಗಿರುವ ಅರೇಗಳನ್ನು, ಅಂದರೆ ಪಟ್ಟಿಗಳನ್ನು, ಒಂದೇ ಸಾಲಿಗೆ ಬಿಚ್ಚುವ ಮೆಥಡ್ ಒಂದನ್ನು ಜಾವಾಸ್ಕ್ರಿಪ್ಟ್‌ಗೆ ಸೇರಿಸಬೇಕಿತ್ತು. ಹೆಸರು ಫ್ಲ್ಯಾಟನ್ ಅಂತ ಇಟ್ಟರು. ಫೈರ್‌ಫಾಕ್ಸ್‌ನ ಪ್ರಾಯೋಗಿಕ ಆವೃತ್ತಿಯಲ್ಲಿ ಅದನ್ನು ಹಾಕಿದ ಕೂಡಲೇ ಒಂದು ಜಾಲತಾಣ ಕೆಟ್ಟಿತು. ಕಾರಣ, ಮೂಟೂಲ್ಸ್ ಅನ್ನುವ ಹಳೆಯ ಲೈಬ್ರರಿ ಇದೇ ಹೆಸರಿನ ತನ್ನದೊಂದು ಮೆಥಡ್ಡನ್ನು ಅರೇಗೆ ಮೊದಲೇ ಅಂಟಿಸಿತ್ತು. ಬ್ರೌಸರ್‌ನದೇ ಫ್ಲ್ಯಾಟನ್ ಬಂದ ಮೇಲೆ ಆ ಲೈಬ್ರರಿಯ ಒಳಗಿನ ನಕಲು ಮಾಡುವ ಕ್ರಮ ತಪ್ಪಿತು. ಪ್ರಸ್ತಾಪ ತಂದವರು ತಮಾಷೆಗೆ ಸ್ಮೂಶ್ ಅಂತ ಹೆಸರು ಬದಲಿಸೋಣ ಅಂದರು, ಊರೆಲ್ಲ ಉರಿದೆದ್ದಿತು. "ಸತ್ತ ಲೈಬ್ರರಿಗಾಗಿ ಒಳ್ಳೆಯ ಹೆಸರು ಬಿಡಬೇಕಾ? ಹಳೆಯ ಸೈಟುಗಳು ಕೆಡಲಿ, ಬುದ್ಧಿ ಬರುತ್ತೆ" ಅಂದವರು ತುಂಬ ಜನ. ಅವರ ಮಾತನ್ನು ನಾನು ಹಗುರ ಮಾಡುವುದಿಲ್ಲ. ಹಳೆಯದನ್ನು ಹೊತ್ತುಕೊಂಡೇ ಹೋದರೆ ಭಾಷೆ ಭಾರವಾಗುತ್ತದೆ, ಹೊಸದಾಗಿ ಕಲಿಯುವವರಿಗೆ ಕಷ್ಟವಾಗುತ್ತದೆ. ಆದರೆ ಎದುರು ಪಕ್ಷದವರು ಹೇಳಿದ್ದು ಇನ್ನೂ ಗಟ್ಟಿಯಾಗಿತ್ತು. ಆ ಸೈಟುಗಳನ್ನು ತಿದ್ದಬೇಕಾದವರು ಎಂದೋ ಕೆಲಸ ಬಿಟ್ಟುಹೋಗಿರುತ್ತಾರೆ, ಬುದ್ಧಿ ಕಲಿಯಲು ಅಲ್ಲಿ ಯಾರೂ ಇಲ್ಲ. ಕಷ್ಟ ಪಡುವುದು ಆ ಸೈಟ್ ತೆರೆಯುವ ಜನ. ಕೊನೆಗೆ ಫ್ಲ್ಯಾಟ್ ಅನ್ನುವ ಹೆಸರು ನಿಂತಿತು, 2019ರ ಆವೃತ್ತಿಗೆ ಸೇರಿತು. ಇವತ್ತು ಎಲ್ಲರೂ ಅದನ್ನು ಬಳಸುತ್ತೇವೆ.

ಇದಕ್ಕಿಂತ ದೊಡ್ಡ ಜಗಳ 2004ರದ್ದು. ಆಗ ವೆಬ್‌ನ ಮಾನಕಗಳನ್ನು ನಿರ್ಧರಿಸುವ ಡಬ್ಲ್ಯು3ಸಿ ಪುಟ ಬರೆಯುವ ಎಚ್‌ಟಿಎಂಎಲ್ ಭಾಷೆಯ ಬಿಗಿಯಾದ ರೂಪವಾದ ಎಕ್ಸ್‌ಎಚ್‌ಟಿಎಂಎಲ್ ದಾರಿ ಹಿಡಿದಿತ್ತು. ಅದರ ಕಟ್ಟುನಿಟ್ಟಿನ ಪ್ರಕಾರ ಒಂದು ಟ್ಯಾಗ್ ಮುಚ್ಚಲು ಮರೆತರೂ ಬ್ರೌಸರ್ ಪುಟದ ಬದಲು ಎರರ್ ತೋರಿಸಬೇಕು. ಬ್ರೌಸರ್ ಕಟ್ಟುವ ಮೊಝಿಲ್ಲಾ ಮತ್ತು ಒಪೆರಾದವರು "ಜನ ಈಗಾಗಲೇ ಬರೆದಿರುವ ಎಚ್‌ಟಿಎಂಎಲ್ಲನ್ನೇ ಬೆಳೆಸೋಣ" ಅಂದರು. ಅಭಿಪ್ರಾಯ ಎಣಿಸಿದಾಗ ವಿರೋಧವೇ ಹೆಚ್ಚಿತ್ತು. ಸೋತವರು ಬೈದುಕೊಂಡು ಕೂರಲಿಲ್ಲ. ಅದೇ ತಿಂಗಳು ಆಪಲ್‌ನವರನ್ನೂ ಸೇರಿಸಿಕೊಂಡು ವಾಟ್‌ಡಬ್ಲ್ಯುಜಿ ಗುಂಪು ಕಟ್ಟಿದರು, ಕೆಲಸ ಮಾಡಿ ತೋರಿಸಿದರು. 2007ರಲ್ಲಿ ಡಬ್ಲ್ಯು3ಸಿಯೇ ಹೊರತಂದ ಎಚ್‌ಟಿಎಂಎಲ್ ವಿನ್ಯಾಸ ತತ್ತ್ವಗಳಲ್ಲಿ, ಭಿನ್ನಾಭಿಪ್ರಾಯ ಬಂದರೆ ಯಾರ ಮಾತಿಗೆ ತೂಕ ಅನ್ನುವುದನ್ನು ಸಾಲಾಗಿ ಬರೆದಿದ್ದಾರೆ: ಮೊದಲು ಬಳಕೆದಾರರು, ಆಮೇಲೆ ಪುಟ ಬರೆಯುವವರು, ಆಮೇಲೆ ಬ್ರೌಸರ್ ಕಟ್ಟುವವರು, ಆಮೇಲೆ ಮಾನಕ ಬರೆಯುವವರು, ಎಲ್ಲಕ್ಕೂ ಕೊನೆಗೆ ಸಿದ್ಧಾಂತದ ಶುದ್ಧಿ. ಎಕ್ಸ್‌ಎಚ್‌ಟಿಎಂಎಲ್ 2ರ ಕೆಲಸವನ್ನು 2009ರಲ್ಲಿ ಕೈಬಿಟ್ಟರು. ಎರಡೂ ಗುಂಪು ಒಪ್ಪಂದಕ್ಕೆ ಬಂದದ್ದು 2019ರಲ್ಲಿ, ಹದಿನೈದು ವರ್ಷ ಬೇಕಾಯಿತು.

ಬಳಕೆದಾರರನ್ನು ಮೊದಲಿಟ್ಟ ಈ ಸಾಲನ್ನು ನಮ್ಮ ಇಂದಿನ ವಾದಗಳ ಮೇಲೆ ಇಟ್ಟು ನೋಡಿ. ಪುಟದ ಅಂದ ರೂಪಿಸಲು ಬಳಸುವ ಟೈಲ್‌ವಿಂಡ್ ಬೇಕೋ ಬೇಡವೋ ಅನ್ನುವುದು ಹೆಚ್ಚಾಗಿ ಪುಟ ಬರೆಯುವವರ ಅನುಕೂಲದ ಪ್ರಶ್ನೆ. ತಂಡ ಕೂತು ತೀರ್ಮಾನ ಮಾಡಿ ಮುಂದೆ ಹೋಗಬಹುದು, ಅದಕ್ಕೆ ಸ್ನೇಹ ಕೆಡಿಸಿಕೊಳ್ಳಬೇಕಿಲ್ಲ. ಪುಟವನ್ನು ಸರ್ವರ್‌ನಲ್ಲೇ ಸಿದ್ಧ ಮಾಡಿ ಕಳಿಸಬೇಕೋ, ಖಾಲಿ ಪುಟದ ಜೊತೆ ಜಾವಾಸ್ಕ್ರಿಪ್ಟ್ ಕಳಿಸಿ ಫೋನ್‌ನಲ್ಲಿ ಕಟ್ಟಿಸಬೇಕೋ ಅನ್ನುವುದು ಹಾಗಲ್ಲ, ಅದು ಬಳಕೆದಾರರದ್ದೇ ಪ್ರಶ್ನೆ. ಅದನ್ನು ಬಿಡದೆ ವಾದಿಸಬೇಕು. ದಿನವಿಡೀ ತೆರೆದಿಟ್ಟು ಕೆಲಸ ಮಾಡುವ ಎಡಿಟರ್ ಥರದ ಆ್ಯಪ್ ಆದರೆ ಮೊದಲ ಸಲ ತಡವಾದರೂ ನಡೆಯುತ್ತದೆ ಅನ್ನುವ ಮಾತನ್ನು ನಾನು ಒಪ್ಪುತ್ತೇನೆ. ಎರಡು ನಿಮಿಷ ಓದಿ ಹೋಗುವ ಲೇಖನದ ಪುಟಕ್ಕೂ ಅದೇ ಏರ್ಪಾಡು ಮಾಡಿದರೆ ಒಪ್ಪುವುದಿಲ್ಲ. ನನ್ನ ಎದುರು ವಾದಿಸುವವರು ಸಾಧಾರಣ ಫೋನ್‌ನಲ್ಲಿ, ನಿಧಾನದ ನೆಟ್‌ವರ್ಕ್‌ನಲ್ಲಿ ತೆಗೆದ ಅಳತೆ ಇಟ್ಟುಕೊಂಡು ಬರಲಿ. ನಾನೂ ನನ್ನ ಅಳತೆ ತರುತ್ತೇನೆ, ಅವರದು ಸರಿಯಿದ್ದರೆ ನನ್ನ ಕೋಡ್ ಬದಲಿಸುತ್ತೇನೆ.